ಮೈಸೂರಿನ ಮಳೆಯಲ್ಲಿ ರೈಲು ವಸ್ತುಸಂಗ್ರಹಾಲಯ: ನಮ್ಮ ಕಡೆಯವರು ನೋಡಬೇಕಾದದ್ದು ಏನು?

ಕೋಟೆಕೆಳಗಿನ ಕೊಪ್ಪಳಿಗ:

ಕಳೆದ ಆಷಾಢದಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದಾಗ ಆಕಾಶದಲ್ಲಿ ಚುಕ್ಕಿಗಳಿದ್ದವು. ಬೆಳಿಗ್ಗೆ ಮೈಸೂರಿನಲ್ಲಿ ಇಳಿದಾಗ ಆಕಾಶವೇ ಕಾಣಿಸಲಿಲ್ಲ. ನಮ್ಮ ಕಡೆಯ ಮಳೆ ಬಂದರೆ ಅರ್ಧ ಗಂಟೆ ಬಡಿದು ಹೊರಟುಹೋಗುತ್ತದೆ. ಅಲ್ಲಿಯದು ಹಾಗಲ್ಲ, ಸಾಲ ವಸೂಲಿಗೆ ಬಂದವನಂತೆ ಕಟ್ಟೆಯ ಮೇಲೆ ಕುಳಿತೇ ಬಿಟ್ಟಿತ್ತು. ಚಾಮುಂಡಿ ಬೆಟ್ಟದ ಮೇಲೆ ಮಂಜು ಕವಿದಿದೆ ಎಂದು ಆಟೋದವರು ಹೇಳಿದರು, ಮೃಗಾಲಯದಲ್ಲಿ ನೆನೆಯುತ್ತ ನಡೆಯಲು ಅವ್ವ ಒಪ್ಪಲಿಲ್ಲ. ಕೊನೆಗೆ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಕೃಷ್ಣರಾಜಸಾಗರ ರಸ್ತೆಯಲ್ಲಿರುವ ರೈಲು ವಸ್ತುಸಂಗ್ರಹಾಲಯಕ್ಕೆ ಹೋದೆವು. ನಿಜ ಹೇಳಬೇಕೆಂದರೆ ಹೊತ್ತು ಕಳೆಯಲು ಹೋದದ್ದು.

ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ 1977ರಲ್ಲಿ ತೆರೆಯಿತು, ಅದಾದ ಎರಡು ವರ್ಷಕ್ಕೆ, 1979ರಲ್ಲಿ, ಮೈಸೂರಿನದು. ದೇಶದಲ್ಲಿ ಇಂಥದ್ದು ಎರಡನೆಯದು ನಮ್ಮ ರಾಜ್ಯದಲ್ಲಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಮಳೆಯ ಕಾರಣದಿಂದ ಜನರಿರಲಿಲ್ಲ, ಯಾವ ಎಂಜಿನ್ನಿನ ಮುಂದೆಯೂ ಫೋಟೋಗೆ ಸಾಲು ನಿಂತಿರಲಿಲ್ಲ. ಶ್ರೀರಂಗ ಮಂಟಪದ ಚಾವಣಿಯ ಕೆಳಗೆ ಅರಸು ಮನೆತನದ ಗಾಡಿಗಳಿವೆ. 1899ರ ಮಹಾರಾಣಿಯವರ ಸಲೂನ್ ಗಾಡಿಗೆ ಅಡುಗೆಮನೆಯೂ ಊಟದ ಭಾಗವೂ ಇವೆ. ಅವ್ವ ಅರ್ಧ ಗಂಟೆ ಅಲ್ಲೇ ನಿಂತು, ಓಡುವ ಗಾಡಿಯಲ್ಲಿ ಒಲೆ ಹೊತ್ತಿಸಿ ಅನ್ನ ಮಾಡುವಾಗ ಎಸರು ಚೆಲ್ಲುತ್ತಿರಲಿಲ್ಲವೇ ಎಂದು ಕೇಳಿದರು. ಉತ್ತರ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಹೊರಗೆ ಮಳೆಯಲ್ಲಿ ನೆನೆಯುತ್ತ ನಿಂತಿದ್ದ ಇಎಸ್ 506 ಎಂಬ ಉಗಿ ಎಂಜಿನ್ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಒಣ ದಿನದಲ್ಲಿ ಧೂಳು ಹಿಡಿದು ಮಂಕಾಗಿ ಕಾಣುವ ಕಪ್ಪು ಕಬ್ಬಿಣ ಅಂದು ಎಣ್ಣೆ ಹಚ್ಚಿದ ಎಮ್ಮೆಯ ಮೈಯಂತೆ ಹೊಳೆಯುತ್ತಿತ್ತು. ಒಂಬತ್ತು ವರ್ಷದ ಮಗ ಕೊಡೆಯ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತು, ಚಕ್ರದ ಮುಂದೆ ಹಳಿಯ ಮೇಲೆ ಎರಡು ಬೆರಳು ಎತ್ತರದಲ್ಲಿ ಬಂದು ನಿಂತಿರುವ ಸಣ್ಣ ಕೊಳವೆಯೊಂದನ್ನು ತೋರಿಸಿ, ಇದರಿಂದ ಏನು ಬರುತ್ತಿತ್ತು ಎಂದು ಕೇಳಿದ. ನೀರು ಇರಬಹುದು ಎಂದೆ. ಮಳೆ ಬರುವಾಗ ಹಳಿಗೆ ಮತ್ತೆ ನೀರೇಕೆ ಎಂದ. ಆ ಪ್ರಶ್ನೆ ಇನ್ನೂ ನನ್ನ ಬಳಿಯೇ ಇದೆ. ತಿಳಿದವರು ಉತ್ತರಿಸಬೇಕೆಂದೂ, ಮಳೆಗಾಲದ ಪ್ರವಾಸದಲ್ಲಿ ಇಂಥ ಸ್ಥಳವನ್ನು ಸೇರಿಸಿಕೊಳ್ಳುವುದು ಸರಿಯೇ ಎಂಬ ಬಗ್ಗೆ ಅಭಿಪ್ರಾಯ ಹೇಳಬೇಕೆಂದೂ ಕೋರುತ್ತೇನೆ.

ಕೌಲ್‌ಬಜಾರ್ ಓದುಗ, ಬಳ್ಳಾರಿ:

ಎಣ್ಣೆ ಹಚ್ಚಿದ ಎಮ್ಮೆಯ ಹೋಲಿಕೆ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಎಮ್ಮೆ ಎದ್ದು ನಡೆಯುತ್ತದೆ, ಆ ಎಂಜಿನ್ ನಡೆಯುವುದಿಲ್ಲ. ಬೆಂಕಿಯಿಲ್ಲದ ಉಗಿಬಂಡಿಯನ್ನು ನೋಡುವುದೂ ಒಲೆ ಆರಿದ ಖಾನಾವಳಿಗೆ ಹೋಗಿ ಪಾತ್ರೆ ಎಣಿಸುವುದೂ ಒಂದೇ. ಹೆಸರು ಹೇಳಬಯಸದ ಬೇರೊಂದು ಊರಿನ ಸಂಗ್ರಹಾಲಯದಲ್ಲಿ ತಯಾರಕರ ಫಲಕದ ಮೇಲೆಯೇ ಬಣ್ಣ ಬಳಿದು, ಅಕ್ಷರಗಳೆಲ್ಲ ಮುಚ್ಚಿಹೋಗಿದ್ದನ್ನು ನೋಡಿದ ಮೇಲೆ ನನಗೆ ಇಂಥ ಸ್ಥಳಗಳ ಮೇಲಿನ ಆಸಕ್ತಿಯೇ ಕುಂದಿತು. ಮಳೆಯಲ್ಲಂತೂ ಬಯಲಿನಲ್ಲಿರುವ ವಸ್ತುಗಳನ್ನು ಕೊಡೆ ಹಿಡಿದು ಓಡುತ್ತ ನೋಡಬೇಕು. ಉಗಿಯನ್ನೇ ನೋಡುವ ಆಸೆಯಿದ್ದರೆ ನೀಲಗಿರಿಗೆ ಹೋಗಿರಿ. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ಹಲ್ಲುಹಳಿಯ ಮೇಲೆ ಇಂದಿಗೂ ಉಗಿ ಎಂಜಿನ್ ಗಾಡಿಯನ್ನು ಹಿಂದಿನಿಂದ ತಳ್ಳಿಕೊಂಡು ಏರುತ್ತದೆ.

ನಿವೃತ್ತ ಸ್ಟೇಷನ್ ಮಾಸ್ತರ್, ಹಾಲಿ ವಾಸ ಬಳ್ಳಾರಿ:

ಕೊಪ್ಪಳದವರ ಮಗನಿಗೆ ನನ್ನ ಆಶೀರ್ವಾದ ತಿಳಿಸಿರಿ. ಆತ ಕೇಳಿದ್ದು ಮಳೆಯ ದಿನವೇ ಕೇಳಬೇಕಾದ ಪ್ರಶ್ನೆ. ಆ ಕೊಳವೆಯಿಂದ ಬರುತ್ತಿದ್ದುದು ನೀರಲ್ಲ, ಮರಳು.

ಉಕ್ಕಿನ ಚಕ್ರವು ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಒಂದು ನಾಣ್ಯದಷ್ಟು ಮಾತ್ರ. ಇಡೀ ಗಾಡಿಯನ್ನು ಎಳೆಯುವ ಹಿಡಿತ ಅಷ್ಟರಲ್ಲೇ ಇದೆ. ಹಳಿ ಒಣಗಿದ್ದರೆ ತೊಂದರೆಯಿಲ್ಲ. ತೇವವಾದರೆ ಹಿಡಿತ ತಪ್ಪಿ, ಚಕ್ರ ಇದ್ದಲ್ಲಿಯೇ ಗಿರ್ರನೆ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಆಗ ಡ್ರೈವರ್ ಹಿಡಿಕೆಯೊಂದನ್ನು ಎಳೆದರೆ ಡಬ್ಬಿಯಲ್ಲಿರುವ ಮರಳು ಆ ಕೊಳವೆಯಿಂದ ಚಕ್ರದ ಮುಂದೆ ಸರಿಯಾಗಿ ಹಳಿಯ ಮೇಲೆ ಬೀಳುತ್ತದೆ, ಚಕ್ರಕ್ಕೆ ಕಚ್ಚಿಕೊಳ್ಳಲು ಆಸರೆ ಸಿಗುತ್ತದೆ. ಆ ಮರಳು ಮಾತ್ರ ಬೂದಿಯಷ್ಟು ಒಣಗಿರಬೇಕು, ಏಕೆಂದರೆ ಒದ್ದೆ ಮರಳು ಕೊಳವೆಯಲ್ಲಿಯೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಲೋಕೋ ಶೆಡ್‌ಗಳಲ್ಲಿ ಮರಳನ್ನು ಹುರಿಯುವುದಕ್ಕೇ ಒಲೆ ಇರುತ್ತಿತ್ತು. ಇಂದಿನ ಡೀಸೆಲ್ ಮತ್ತು ವಿದ್ಯುತ್ ಎಂಜಿನ್‌ಗಳಲ್ಲಿಯೂ ಮರಳಿನ ಡಬ್ಬಿ ಇದೆ. ಮುಂದಿನ ಬಾರಿ ಬಳ್ಳಾರಿ ನಿಲ್ದಾಣದಲ್ಲಿ ಅದಿರಿನ ಗಾಡಿ ನಿಂತಾಗ ಎಂಜಿನ್ನಿನ ಚಕ್ರದ ಬಳಿ ನೋಡಿರಿ.

ಇನ್ನೊಂದು ಮಾತು ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ನಾವು ಹೆದರುತ್ತಿದ್ದುದು ಜಡಿಮಳೆಗಲ್ಲ. ಜಡಿಮಳೆ ಹಳಿಯನ್ನು ತೊಳೆದುಬಿಡುತ್ತದೆ. ನಮ್ಮ ಕಡೆ ಬೇಸಿಗೆಯ ಧೂಳಿನ ಮೇಲೆ ಬೀಳುವ ಮೊದಲ ನಾಲ್ಕು ಹನಿ, ತುಕ್ಕಿನೊಡನೆಯೂ ಎಣ್ಣೆಯ ಜಿಡ್ಡಿನೊಡನೆಯೂ ಕಲಸಿ ಹಳಿಯ ಮೇಲೆ ಲೇಪ ಹಚ್ಚುತ್ತದೆ. ಜಾರುವುದು ಅದರ ಮೇಲೆ.

ಕೌಲ್‌ಬಜಾರ್ ಅವರು ಹೇಳಿದ ನೀಲಗಿರಿಯ ಗಾಡಿ ಸೊಗಸಾದದ್ದು ನಿಜ, ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿದು ಆ ಮಾರ್ಗ ಆಗಾಗ ನಿಲ್ಲುತ್ತದೆ. ಅಲ್ಲದೆ ಓಡುವ ಎಂಜಿನ್ನಿನ ಚಕ್ರದ ಮುಂದೆ ಒಂಬತ್ತು ವರ್ಷದ ಹುಡುಗ ಕುಕ್ಕರಗಾಲಿನಲ್ಲಿ ಕೂರಲು ಯಾವ ಸ್ಟೇಷನ್ ಮಾಸ್ತರನೂ ಬಿಡುವುದಿಲ್ಲ.

ಅಕ್ಕೋರು, ಸಿರುಗುಪ್ಪ:

ಮಾಸ್ತರ್ ಅವರಿಗೆ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವವಳು. ಮರಳಿನ ವಿಷಯವನ್ನು ಇಂದೇ ತರಗತಿಯಲ್ಲಿ ಹೇಳಿದೆ. ಮಳೆಗಾಲದಲ್ಲಿ ಎತ್ತಿನ ಬಂಡಿ ರಾಡಿಯಲ್ಲಿ ಸಿಕ್ಕಿಕೊಂಡಾಗ ಚಕ್ರದ ಕೆಳಗೆ ಕಲ್ಲು, ಹುಲ್ಲು ಹಾಕುವುದಿಲ್ಲವೇ, ಅದೇ ತಾನೇ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ. ನನಗೆ ಬೇಕಾದ ಮಾಹಿತಿ ಎರಡು. ಮಳೆಯಲ್ಲಿ ಮಕ್ಕಳನ್ನು ಕರೆದೊಯ್ದರೆ ಎಚ್ಚರಿಕೆ ಏನು? ಟೋಕನ್ ಚೆಂಡಿನ ಯಂತ್ರ ಎಂಬುದೊಂದನ್ನು ರೈಲು ಸಂಗ್ರಹಾಲಯಗಳಲ್ಲಿ ನೋಡಬಹುದೆಂದು ಕೇಳಿದ್ದೇನೆ, ಅದು ಏನು?

ಕೋಟೆಕೆಳಗಿನ ಕೊಪ್ಪಳಿಗ:

ಮಾಸ್ತರ್ ಅವರೇ, ಮಗನಿಗೆ ನಿಮ್ಮ ಉತ್ತರವನ್ನು ಓದಿ ಹೇಳಿದೆ. ಮರಳು ಹುರಿಯುವ ಒಲೆಯ ಕಥೆ ಅವ್ವನಿಗೂ ಹಿಡಿಸಿತು.

ಅಕ್ಕೋರಿಗೆ: ಕೊಡೆಗಿಂತ ರೇನ್‌ಕೋಟ್ ಮೇಲು, ಏಕೆಂದರೆ ಎಂಜಿನ್ನಿನ ಪಕ್ಕದಲ್ಲಿ ಬಾಗಿ ನೋಡಬೇಕಾಗುತ್ತದೆ. ಒದ್ದೆಯಾದ ಕಬ್ಬಿಣದ ಮೆಟ್ಟಿಲುಗಳನ್ನು ಮಕ್ಕಳು ಹತ್ತದಂತೆ ನೋಡಿಕೊಳ್ಳಿರಿ. ಪುಟಾಣಿ ರೈಲನ್ನೇ ನೆಚ್ಚಿಕೊಂಡು ಮಳೆಯಲ್ಲಿ ಹೋಗಬೇಡಿರಿ. ಮಳೆ ಜೋರಾದಾಗ ಚಾಮುಂಡಿ ಗ್ಯಾಲರಿಯ ಚಿತ್ರಗಳನ್ನೂ ಛಾಯಾಚಿತ್ರಗಳನ್ನೂ ನೋಡುತ್ತ, ಇಳಿದಾಗ ಬಯಲಿಗೆ ಬರುತ್ತ ಎರಡು ಸುತ್ತು ಹಾಕಬಹುದು. ರಸ್ತೆಯ ಮೇಲಿನ ಆಸ್ಟಿನ್ ಕಾರಿಗೆ ರೈಲಿನ ಗಾಲಿ ಜೋಡಿಸಿದ್ದನ್ನು ಮಕ್ಕಳು ಬಿಟ್ಟು ಕದಲುವುದಿಲ್ಲ, ಅದಕ್ಕೆ ಹೊತ್ತು ಇಟ್ಟುಕೊಳ್ಳಿರಿ.

ನಿವೃತ್ತ ಸ್ಟೇಷನ್ ಮಾಸ್ತರ್, ಹಾಲಿ ವಾಸ ಬಳ್ಳಾರಿ:

ಟೋಕನ್ನಿನ ಬಗ್ಗೆ ಅಕ್ಕೋರು ಕೇಳಿದ್ದಾರೆ. ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಮೂವತ್ತು ವರ್ಷ ಅದರ ಜೊತೆ ಬಾಳಿದವನು ನಾನು.

ಒಂದೇ ಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಸಮಯಕ್ಕೆ ಒಂದೇ ಗಾಡಿ ಇರಬೇಕು. ಆ ಕಡೆಯಿಂದಲೂ ಈ ಕಡೆಯಿಂದಲೂ ಒಟ್ಟಿಗೆ ಬಿಟ್ಟರೆ ಎದುರುಬದುರು ಡಿಕ್ಕಿಯೇ ಗತಿ. ಇದನ್ನು ಮನುಷ್ಯರ ನೆನಪಿಗೂ ಮಾತಿಗೂ ಬಿಡಬಾರದು ಎಂದು ನೀಲ್ ಅವರ ಚೆಂಡು ಟೋಕನ್ ಯಂತ್ರ ಬಳಕೆಗೆ ಬಂತು. ಎರಡು ನಿಲ್ದಾಣಗಳಲ್ಲಿಯೂ ಒಂದೊಂದು ಯಂತ್ರ, ನಡುವೆ ತಂತಿಯ ಮೂಲಕ ವಿದ್ಯುತ್ ಸಂಪರ್ಕ, ಯಂತ್ರದ ಹೊಟ್ಟೆಯಲ್ಲಿ ಕಿತ್ತಳೆ ಹಣ್ಣಿಗಿಂತ ತುಸು ಚಿಕ್ಕದಾದ ಉಕ್ಕಿನ ಚೆಂಡುಗಳು. ಮುಂದಿನ ನಿಲ್ದಾಣದ ಮಾಸ್ತರ್ ತನ್ನ ಕಡೆಯಿಂದ ಒಪ್ಪಿಗೆ ಕೊಟ್ಟರೆ ಮಾತ್ರ ನನ್ನ ಯಂತ್ರದಿಂದ ಒಂದು ಚೆಂಡು ಹೊರಬರುತ್ತದೆ. ಅದು ಹೊರಬಂದ ಕ್ಷಣದಿಂದ ಎರಡೂ ಯಂತ್ರಗಳು ಬೀಗ ಹಾಕಿಕೊಳ್ಳುತ್ತವೆ. ಆ ಚೆಂಡು ಒಂದು ಕಡೆಯ ಯಂತ್ರಕ್ಕೆ ಮರಳುವವರೆಗೆ ಎರಡನೆಯ ಚೆಂಡು ಯಾರ ಕೈಗೂ ಸಿಗದು. ಚೆಂಡು ಕೈಯಲ್ಲಿಲ್ಲದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಚೆಂಡಿನ ಮೇಲೆ ಎರಡೂ ನಿಲ್ದಾಣಗಳ ಹೆಸರು ಇರುತ್ತದೆ, ಹೀಗಾಗಿ ಬೇರೆ ಯಾವುದೋ ಭಾಗದ ಚೆಂಡನ್ನು ಕೊಟ್ಟು ಮೋಸಹೋಗುವ ಪ್ರಶ್ನೆಯಿಲ್ಲ.

ನಿಲ್ಲದೆ ಹೋಗುವ ಗಾಡಿಗೆ ಇದನ್ನು ಕೊಡುವುದೇ ಒಂದು ವಿದ್ಯೆ. ಚರ್ಮದ ಚೀಲದಲ್ಲಿ ಚೆಂಡನ್ನು ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ನಮ್ಮ ಪೋರ್ಟರ್ ವೇದಿಕೆಯ ಅಂಚಿನಲ್ಲಿ ಕೈ ಚಾಚಿ ನಿಲ್ಲುತ್ತಿದ್ದ. ಎಂಜಿನ್ನಿನಿಂದ, ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಬಗ್ಗಿ ಹಳೆಯ ಬಳೆಯನ್ನು ಎಸೆದು, ಹೊಸದರಲ್ಲಿ ತೋಳು ತೂರಿಸಿ ಕಿತ್ತುಕೊಳ್ಳುತ್ತಿದ್ದ. ಹಗಲಿನಲ್ಲಿ ಇದು ಆಟ. ರಾತ್ರಿ, ಮಳೆಯಲ್ಲಿ, ಕಂದೀಲಿನ ಬೆಳಕಿನಲ್ಲಿ, ಒದ್ದೆಯಾದ ಬೆತ್ತ ಜಾರಿತೆಂದರೆ ಗಾಡಿಯೇ ನಿಲ್ಲಬೇಕು, ಪೋರ್ಟರ್ ಮತ್ತು ನಾನು ಹಳಿಯ ಜಲ್ಲಿಯಲ್ಲಿ ಚೀಲ ಹುಡುಕಬೇಕು. ಒಮ್ಮೆ ಶ್ರಾವಣದ ರಾತ್ರಿ ಹೀಗೆ ಇಪ್ಪತ್ತು ನಿಮಿಷ ಹುಡುಕಿದ್ದೇವೆ. ಚೀಲ ಜಾಲಿಯ ಪೊದೆಯಲ್ಲಿತ್ತು.

ಸಂಗ್ರಹಾಲಯದಲ್ಲಿ ಮಕ್ಕಳಿಗೆ ಕೈಮರವನ್ನೂ, ಅಂದರೆ ಹಳೆಯ ಕಾಲದ ಸಿಗ್ನಲ್ ಕಂಬವನ್ನೂ, ತೋರಿಸಿರಿ. ಕೈ ಅಡ್ಡವಾಗಿದ್ದರೆ ನಿಲ್ಲು, ಬಾಗಿದರೆ ಹೋಗು. ಎಳೆಯುವ ತಂತಿ ಕಡಿದರೆ ಭಾರದ ಕಾರಣದಿಂದ ಕೈ ತಾನಾಗಿಯೇ ಅಡ್ಡಕ್ಕೆ ಬರುತ್ತದೆ. ನಮ್ಮ ಭಾಗದಲ್ಲಿ ಅದಕ್ಕೆ ಇನ್ನೊಂದು ಶತ್ರುವಿತ್ತು, ಬಿಸಿಲು. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನದಲ್ಲಿ ನೂರಾರು ಮೀಟರ್ ಉದ್ದದ ತಂತಿ ಹಿಗ್ಗಿ ಸಡಿಲಾಗಿ, ಸನ್ನೆಕೋಲನ್ನು ಪೂರ್ತಿ ಎಳೆದರೂ ಕೈ ಅರ್ಧಕ್ಕೇ ಬಾಗಿ ನಿಲ್ಲುತ್ತಿತ್ತು. ಅರ್ಧ ಬಾಗಿದ ಕೈಯನ್ನು ಡ್ರೈವರ್ ನಂಬಬಾರದು. ಹೀಗಾಗಿ ತಂತಿಯನ್ನು ಬಿಗಿಗೊಳಿಸುವ ತಿರುಪನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ತಿರುಗಿಸುವುದು ದಿನಚರಿಯೇ ಆಗಿತ್ತು.

ರಾಯಚೂರು ಸ್ಟೇಷನ್ ರಸ್ತೆ:

ಮಾಸ್ತರ್ ಅವರ ಬರಹ ಓದಿ ಸಂತೋಷವಾಯಿತು. ಜೊತೆಗೆ ಒಂದು ಬೇಸರವನ್ನೂ ಹೇಳಿಕೊಳ್ಳುತ್ತೇನೆ. ಮೈಸೂರಿನ ಸಂಗ್ರಹಾಲಯದಲ್ಲಿ ಮೈಸೂರು ಸಂಸ್ಥಾನದ ರೈಲಿಗೆ ಹೆಚ್ಚಿನ ಸ್ಥಾನ ಇರುವುದು ಸಹಜ. ಆದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳ ರೈಲಿನ ಕಥೆ ಸಂಸ್ಥಾನದ ಕಥೆಯಲ್ಲ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸಿನಿಂದ ಹೊರಟ ಮದ್ರಾಸ್ ರೈಲ್ವೆ, ಇವೆರಡರ ಹಳಿಗಳು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಎರಡು ತುಂಬಿದ ನದಿಗಳನ್ನು ದಾಟದೆ ಈ ಎರಡು ಕಂಪನಿಗಳು ಕೈ ಕುಲುಕುವಂತಿರಲಿಲ್ಲ. ಎರಡೂ 1,676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್ ಆಗಿದ್ದರಿಂದ ಒಂದರ ಗಾಡಿ ಇನ್ನೊಂದರ ಹಳಿಯ ಮೇಲೆ ಹೋಗಲು ಸಾಧ್ಯವಾಯಿತು. ನಾನು ಪ್ರತಿದಿನ ಆ ನಿಲ್ದಾಣದ ಮುಂದೆ ಚಹಾ ಕುಡಿಯುತ್ತೇನೆ. ನನ್ನ ಜೊತೆ ಚಹಾ ಕುಡಿಯುವ ಹತ್ತು ಜನರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಹೇಳಿದ ಮೇಲೆ ಒಬ್ಬರು, ಹಾಗಾದರೆ ಗಾಡಿ ಇಂದಿಗೂ ಇಲ್ಲಿ ಏಕೆ ತಡವಾಗಿ ಬರುತ್ತದೆ ಎಂದು ಕೇಳಿದರು.

ಕೋಟೆಕೆಳಗಿನ ಕೊಪ್ಪಳಿಗ:

ರಾಯಚೂರಿನವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ. ನಮ್ಮ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಮಾರ್ಗ ಸದರ್ನ್ ಮರಾಠಾ ರೈಲ್ವೆ ಕಂಪನಿಯದು. ಕಂಪನಿ ಹುಟ್ಟಿದ್ದು 1882ರಲ್ಲಿ, 1876ರಿಂದ 1878ರವರೆಗಿನ ಭೀಕರ ಬರದ ಬೆನ್ನಿಗೇ. ಮುಂದೆ ಬರ ಬಂದಾಗ ಧಾನ್ಯ ಸಾಗಿಸಲು ಹಳಿ ಬೇಕೆಂಬ ವಾದದ ಮೇಲೆ ಹಳಿಗಳ ನಡುವೆ ಒಂದೇ ಮೀಟರ್ ಅಂತರವಿರುವ ಅಗ್ಗದ ಮೀಟರ್ ಗೇಜಿನಲ್ಲಿ ಇದನ್ನು ಹಾಕಿದರು. ಮೈಸೂರಿನ ಮಳೆಯಲ್ಲಿ ನಿಂತು ನಾನು ಇದನ್ನು ನೆನೆಸಿಕೊಂಡೆ: ಅರಸು ಮನೆತನದ ಸಲೂನಿಗೆ ಚಾವಣಿಯಿದೆ, ಬರದಿಂದ ಹುಟ್ಟಿದ ಹಳಿಗೆ ಒಂದು ಫಲಕವೂ ನಮ್ಮ ಊರುಗಳಲ್ಲಿ ನನಗೆ ಕಂಡಿಲ್ಲ.

ಇನ್ನೂ ಒಂದು ಸ್ವಾರಸ್ಯವಿದೆ. ಆ ಒಂದು ಗಾಡಿ ಬಳ್ಳಾರಿ, ಹೊಸಪೇಟೆಯಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿರುತ್ತಿತ್ತು, ತುಂಗಭದ್ರೆಯ ಸೇತುವೆ ದಾಟಿದೊಡನೆ ನಮ್ಮ ಕೊಪ್ಪಳ ಸೀಮೆಯಲ್ಲಿ ನಿಜಾಮರ ರಾಜ್ಯಕ್ಕೆ ಬರುತ್ತಿತ್ತು, ಗದಗಿಗೆ ಹೋದರೆ ಮುಂಬಯಿ ಪ್ರಾಂತ್ಯ. ಕನ್ನಡ ಮಾತನಾಡುವ ಮೂರು ಆಡಳಿತದ ಜನ ಒಂದೇ ಬೋಗಿಯಲ್ಲಿ ಕೂರುತ್ತಿದ್ದರು. ಏಕೀಕರಣ 1956ರಲ್ಲಿ ಆಯಿತು, ಬೋಗಿಯೊಳಗೆ ಅದು ಅದಕ್ಕೂ ಬಹಳ ಮೊದಲೇ ಆಗಿತ್ತು.

ಕೌಲ್‌ಬಜಾರ್ ಓದುಗ, ಬಳ್ಳಾರಿ:

ಬರದ ಹಳಿ ಎಂಬ ಮಾತನ್ನು ಪೂರ್ತಿ ನಂಬಬೇಡಿರಿ. ಆ ಬರ ಬಂದಾಗ ರಾಯಚೂರಿನ ಮುಖ್ಯ ಮಾರ್ಗಕ್ಕೆ ಐದು ವರ್ಷವಾಗಿತ್ತು, ಆದರೂ ಜನ ಸತ್ತರು. ಹಳಿ ಧಾನ್ಯವನ್ನು ತರುವಂತೆಯೇ ಹೆಚ್ಚು ಬೆಲೆ ಸಿಗುವ ಕಡೆಗೆ ಒಯ್ಯುತ್ತದೆ ಕೂಡ, ಕೈಯಲ್ಲಿ ಕಾಸಿಲ್ಲದವನಿಗೆ ನಿಲ್ದಾಣದಲ್ಲಿ ಚೀಲ ರಾಶಿ ಬಿದ್ದಿದ್ದರೂ ಒಂದೇ. ನಮ್ಮ ಕಡೆ ಫಲಕ ಹಾಕುವುದಾದರೆ ಇದನ್ನೂ ಬರೆಯಬೇಕು.

ಆದರೂ ಮಾಸ್ತರರ ಚೆಂಡಿನ ಕಥೆಯ ಮುಂದೆ ನನ್ನ ಖಾನಾವಳಿಯ ಮಾತು ಸೋತಿತು ಎಂದು ಒಪ್ಪಿಕೊಳ್ಳುತ್ತೇನೆ. ಪಾತ್ರೆ ಹೇಗೆ ಬಳಸುತ್ತಿದ್ದರು ಎಂದು ಹೇಳುವ ಭಟ್ಟರು ಪಕ್ಕದಲ್ಲಿದ್ದರೆ ಆರಿದ ಒಲೆಯನ್ನೂ ನೋಡಬಹುದು. ನನ್ನ ಅಜ್ಜ ಗುಂತಕಲ್ಲಿನಲ್ಲಿ ಹಮಾಲರಾಗಿದ್ದರು. ಮೀಟರ್ ಗೇಜಿನ ವ್ಯಾಗನ್ನಿನಿಂದ ಇಳಿಸಿ ಬ್ರಾಡ್ ಗೇಜಿನ ವ್ಯಾಗನ್ನಿಗೆ ಏರಿಸುವುದೇ ಅವರ ಜೀವಮಾನದ ಕೆಲಸ. ಮಳೆ ಬಂದರೆ ಚೀಲದ ಮೇಲೆ ತಾಡಪಲ್ ಹೊದಿಸಿ, ತಾವು ನೆನೆಯುತ್ತಿದ್ದರಂತೆ. 1990ರ ದಶಕದಲ್ಲಿ ನಮ್ಮ ಮಾರ್ಗವೂ ಬ್ರಾಡ್ ಗೇಜ್ ಆದಾಗ, ಒಳ್ಳೆಯದಾಯಿತು ಎಂದು ಎಲ್ಲರೂ ಹೇಳಿದರು. ಅಜ್ಜ ಮಾತ್ರ ಏನೂ ಹೇಳಲಿಲ್ಲ.

ಗಂಗಾವತಿ ಪ್ರಯಾಣಿಕ:

ನಮ್ಮೂರಿಗೆ ರೈಲು ಬಂದದ್ದೇ ಮೊನ್ನೆ ಮೊನ್ನೆ, ಹಾಗಾಗಿ ಹಳೆಯದರ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ. ಆದರೆ ಅಕ್ಕೋರು ಮಕ್ಕಳನ್ನು ಮೈಸೂರಿನವರೆಗೆ ಏಕೆ ಕರೆದೊಯ್ಯಬೇಕು? ಹುಬ್ಬಳ್ಳಿಯಲ್ಲಿಯೂ 2020ರ ಆಗಸ್ಟ್‌ನಲ್ಲಿ ರೈಲು ಸಂಗ್ರಹಾಲಯ ತೆರೆದಿದೆ. ಗದಗ ರಸ್ತೆಯ ಕಡೆ, ಮಲಪ್ರಭಾ ಮತ್ತು ಘಟಪ್ರಭಾ ಎಂದು ಹೆಸರಿಟ್ಟ ಎರಡು ಹಳೆಯ ಮನೆಗಳಲ್ಲಿ ವಸ್ತುಗಳನ್ನು ಜೋಡಿಸಿದ್ದಾರೆ. ಮಳೆ ಬಂದರೆ ಒಳಗೇ ನಿಂತು ಬಹಳಷ್ಟು ನೋಡಬಹುದು. ಒಂದೇ ಎಚ್ಚರಿಕೆ: ಹುಬ್ಬಳ್ಳಿಯ ವೇದಿಕೆ 1,507 ಮೀಟರ್ ಉದ್ದವಿದೆ, ತಪ್ಪು ತುದಿಯಲ್ಲಿ ಇಳಿದರೆ ಸಂಗ್ರಹಾಲಯ ತಲುಪುವ ಮೊದಲೇ ಮಕ್ಕಳಿಗೆ ಹಸಿವಾಗುತ್ತದೆ.

ಅಕ್ಕೋರು, ಸಿರುಗುಪ್ಪ:

ಹುಬ್ಬಳ್ಳಿಯೇ ಸರಿ ಎನಿಸುತ್ತದೆ. ಬಳ್ಳಾರಿಯವರೆಗೆ ಬಸ್ಸು, ಅಲ್ಲಿಂದ ರೈಲು. ಕೊಪ್ಪಳದವರು ಹೇಳಿದ ಹಾಗೆ ಹೊಸಪೇಟೆ ದಾಟಿ ತುಂಗಭದ್ರೆಯ ಸೇತುವೆ ಬಂದಾಗ ಮಕ್ಕಳನ್ನೆಲ್ಲ ಕಿಟಕಿಗೆ ಕರೆದು, ಈಗ ಮದ್ರಾಸ್ ಮುಗಿಯಿತು, ನಿಜಾಮರ ಸೀಮೆ ಬಂತು ಎಂದು ಹೇಳುವ ಆಸೆಯಿದೆ. ಅದು ಆಗಬೇಕಾದರೆ ಬಸ್ಸಿನಲ್ಲಿ ಹೋಗಲಾಗದು ಎಂದು ಮುಖ್ಯೋಪಾಧ್ಯಾಯರಿಗೆ ತಿಳಿಸಿದ್ದೇನೆ.

ಮಾಸ್ತರ್ ಅವರಲ್ಲಿ ಒಂದು ವಿನಂತಿ. ತಾವು ಬಳ್ಳಾರಿಯಲ್ಲಿಯೇ ಇರುವುದಾದರೆ ನಮ್ಮ ಜೊತೆ ಬರಲು ಸಾಧ್ಯವೇ? ಮಕ್ಕಳು ಕೇಳುವ ಪ್ರಶ್ನೆಗಳಿಗೆ ಫಲಕಗಳು ಉತ್ತರ ಕೊಡಲಾರವು, ನನಗೂ ಗೊತ್ತಿರುವುದಿಲ್ಲ.

ನಿವೃತ್ತ ಸ್ಟೇಷನ್ ಮಾಸ್ತರ್, ಹಾಲಿ ವಾಸ ಬಳ್ಳಾರಿ:

ಬರುತ್ತೇನೆ ತಾಯಿ. ದಿನಾಂಕ ತಿಳಿಸಿರಿ, ಮೊಣಕಾಲಿಗೆ ಮೊದಲೇ ಹೇಳಿ ಇಡುತ್ತೇನೆ.

ಸಂಗ್ರಹಾಲಯದಲ್ಲಿರುವ ಟೋಕನ್ ವಸ್ತುಗಳನ್ನು ಮುಟ್ಟಿಸಿಕೊಂಡು ಆಡಲು ಬಿಡಲಾರರು. ಆದ್ದರಿಂದ ನಮ್ಮ ಓಣಿಯಲ್ಲಿ ಬುಟ್ಟಿ ಹೆಣೆಯುವವರಿಗೆ ಹೇಳಿ ಬಿದಿರಿನದೊಂದು ದೊಡ್ಡ ಬಳೆ ಮಾಡಿಸಿ ತರುತ್ತೇನೆ. ಚರ್ಮದ ಚೀಲಕ್ಕೆ ಬದಲಾಗಿ ನನ್ನ ಮೊಮ್ಮಗಳ ಹಳೆಯ ಟಿಫಿನ್ ಚೀಲ, ಉಕ್ಕಿನ ಚೆಂಡಿಗೆ ಬದಲಾಗಿ ಒಂದು ಮೋಸಂಬಿ. ಒಬ್ಬ ಹುಡುಗ ಪೋರ್ಟರ್ ಆಗಿ ನಿಲ್ಲಲಿ, ಇನ್ನೊಬ್ಬಳು ಫೈರ್‌ಮನ್ ಆಗಿ ಓಡಿಬಂದು ತೋಳು ತೂರಿಸಲಿ. ಮಳೆ ಬಂದರೆ ಇನ್ನೂ ಚೆನ್ನ, ಬಳೆ ಜಾರುವುದು ಹೇಗೆಂದು ತಿಳಿಯುತ್ತದೆ. ಮೋಸಂಬಿ ನಾಲ್ಕೈದು ಹೆಚ್ಚಿಗೆ ತರುತ್ತೇನೆ.